ವೈದ್ಯವಿಜ್ಞಾನಕ್ಕೆ ವಿದ್ಯಾರ್ಥಿಗಳ ಕೊಡುಗೆ

ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಹತ್ತನೆಯ ತರಗತಿಯನ್ನು ಮುಗಿಸಿದರೆಂದರೆ ಮೊದಲು ಹುಟ್ಟುವ ಪ್ರಶ್ನೆ, "ಇಂಜಿನಿಯರಿಂಗೋ, ಮೆಡಿಕಲ್ಲೋ?" ಎಂಬುದು. ಹಿಂದಿನ ತಲೆಮಾರಿನವರು ಹಗಲು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದು, ಇರುಳು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿ ಮೇಲೆ ಬಂದವರು. ಅವರ ಮೊಮ್ಮಕ್ಕಳು ಬಿಳಿಯ ಕೋಟು ತೊಟ್ಟು, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡು ನಡೆಯುವುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಸಹಜವಾದದ್ದೇ. ಆದರೆ ಆ ಕೋಟಿನ ಬೆಲೆ ಈಗ ಸಾಮಾನ್ಯವಾದುದಲ್ಲ. 2024ನೆಯ ಇಸವಿಯ ನೀಟ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು ಸುಮಾರು 24 ಲಕ್ಷ ಮಂದಿ, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ತುಸು ಹೆಚ್ಚು. ಇಷ್ಟು ಜನರಲ್ಲಿ ಸೀಟು ದೊರಕಿಸಿಕೊಂಡವರ ಮನೆಯಲ್ಲಿ ಹಬ್ಬ, ಉಳಿದ ಮನೆಗಳಲ್ಲಿ ಮೌನ.

ಈ ಲೇಖಕನು ವೈದ್ಯನಲ್ಲ. ಓದಿದ್ದು ಬಿ.ಕಾಂ., ವೃತ್ತಿ ಬ್ಯಾಂಕಿನದು. ಪ್ರತಿವರ್ಷವೂ ಪ್ರವೇಶದ ಕಾಲದಲ್ಲಿ ಶಿಕ್ಷಣಸಾಲದ ಅರ್ಜಿಗಳನ್ನು ಹಿಡಿದುಕೊಂಡು ಬರುವ ತಂದೆತಾಯಿಗಳೊಡನೆ ಮೇಜಿನ ಈಚೆ ಬದಿಯಲ್ಲಿ ಕುಳಿತು ಮಾತನಾಡುವುದು ನನ್ನ ಕೆಲಸ. ಬಡ್ಡಿಯ ದರವೆಷ್ಟು, ಕಂತು ಯಾವಾಗಿನಿಂದ ಆರಂಭ, ಜಾಮೀನು ಏನು ಬೇಕು, ಪಿ.ಜಿ. ಸೀಟಿಗೂ ಸಾಲ ದೊರೆಯುವುದೇ ಎಂದು ಅವರು ಕೇಳುತ್ತಾರೆ, ಕೇಳಬೇಕಾದದ್ದೇ. ಆದರೆ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಷಿಪ್, ಹೀಗೆ ಒಟ್ಟು ಐದೂವರೆ ವರ್ಷಗಳನ್ನು ಅವರು ಬರಿಯ ಖರ್ಚಿನ ಕಲಮೆಂದೇ ತಿಳಿದಿರುತ್ತಾರೆ. ಜಮಾ ಆಗುವುದೆಲ್ಲ ಡಾಕ್ಟರಾದ ಮೇಲೆ, ಅದುವರೆಗೆ ಕಾಯುವುದಷ್ಟೇ ಕೆಲಸ ಎಂಬ ಭಾವನೆ. ಮಕ್ಕಳೂ ಹಾಗೆಯೇ ತಿಳಿದುಬಿಡುತ್ತಾರೆ.

ವೈದ್ಯವಿಜ್ಞಾನದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಈ ಲೆಕ್ಕಾಚಾರ ಸರಿಯಲ್ಲವೆಂದು ಗೊತ್ತಾಗುತ್ತದೆ. ಇಂದು ನಮ್ಮ ಮನೆಮನೆಯಲ್ಲಿ ಬಳಕೆಯಲ್ಲಿರುವ ಕೆಲವು ಔಷಧಗಳ ಮೊದಲ ಕಲಮನ್ನು ಬರೆದವರು ಇನ್ನೂ ಪದವಿ ಪಡೆಯದ, ಅಥವಾ ಪದವಿಗಾಗಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು. ಅಂಥ ಕೆಲವರ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ವಿದ್ಯಾರ್ಥಿಜೀವನದ ಬಗೆಗೆ ಎರಡು ಮಾತು. ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ. ಶವಚ್ಛೇದನದ ಕೊಠಡಿಯ ಫಾರ್ಮಲಿನ್ ವಾಸನೆ ಮೂಗಿನಿಂದ ಹೋಗದೆ ಮೊದಮೊದಲು ಮೆಸ್ಸಿನ ಊಟವೇ ಬೇಡವೆನಿಸುವುದುಂಟು. ಆಮೇಲೆ ರೋಗಶಾಸ್ತ್ರ, ಔಷಧಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ. ಜೊತೆಗೆ ವಾರ್ಡುಗಳ ಸುತ್ತಾಟ. ಕೊನೆಯ ವರ್ಷದ ಇಂಟರ್ನ್‌ಷಿಪ್ಪಿನಲ್ಲಿ ರಾತ್ರಿಪಾಳಿ, ರಕ್ತ ತೆಗೆಯುವುದು, ಕಾಗದಪತ್ರ ತುಂಬುವುದು. ಇವುಗಳ ನಡುವೆ ಉಸಿರಾಡಲೂ ಬಿಡುವಿಲ್ಲ. ಓದಬೇಕಾದ ಪುಸ್ತಕಗಳ ಭಾರದಲ್ಲಿ, ತಾನಾಗಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವ ಚಪಲವೇ ಹಲವರಲ್ಲಿ ಒಣಗಿಹೋಗುತ್ತದೆ. ಹಿಂದಿನ ಕಾಲದ ವಿದ್ಯಾರ್ಥಿಗಳಿಗೂ ಪರೀಕ್ಷೆಗಳಿದ್ದವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಓದಬೇಕು.

ಜರ್ಮನಿಯ ಬರ್ಲಿನ್ ನಗರದಲ್ಲಿ 1869ನೆಯ ಇಸವಿಯಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ 21 ವರ್ಷದ ವೈದ್ಯವಿದ್ಯಾರ್ಥಿಯಿದ್ದನು. ಆ ಕಾಲದ ಮಹಾವಿಜ್ಞಾನಿ ರುಡಾಲ್ಫ್ ವಿರ್ಕೋನ ಸಂಸ್ಥೆಯಲ್ಲಿ ಕುಳಿತು ಈತ ಪದವಿಯ ಪ್ರಬಂಧಕ್ಕಾಗಿ ಮೊಲದ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದನು. ಹೊಟ್ಟೆಯ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿರುವ ಈ ಗ್ರಂಥಿಯು ಆಹಾರವನ್ನು ಅರಗಿಸುವ ರಸವನ್ನು ಕರುಳಿಗೆ ಬಿಡುತ್ತದೆಂಬುದು ಆಗಲೇ ಗೊತ್ತಿತ್ತು. ಲ್ಯಾಂಗರ್‌ಹಾನ್ಸನು ಕಂಡದ್ದು ಬೇರೊಂದನ್ನು. ರಸವನ್ನು ತಯಾರಿಸುವ ಜೀವಕೋಶಗಳ ನಡುವೆ ಅಲ್ಲಲ್ಲಿ, ಕಡಲಿನ ನಡುವಣ ದ್ವೀಪಗಳಂತೆ, ಬೇರೆಯೇ ಜಾತಿಯ ಚಿಕ್ಕ ಕೋಶಗಳ ಗುಂಪುಗಳು ಇದ್ದವು. ಅವು ಏನು ಮಾಡುತ್ತವೆ? ತನಗೆ ತಿಳಿಯದೆಂದು ಆತ ಪ್ರಬಂಧದಲ್ಲಿ ಪ್ರಾಮಾಣಿಕವಾಗಿ ಬರೆದುಬಿಟ್ಟನು. ತಿಳಿಯದ್ದನ್ನು ತಿಳಿಯದೆಂದು ಬರೆಯುವ ಪ್ರಬಂಧಗಳು ಈಗ ಅಪರೂಪ. ಇದಕ್ಕೂ ಒಂದು ವರ್ಷ ಮೊದಲು ಇದೇ ಹುಡುಗ ಚರ್ಮದಲ್ಲಿ ಕವಲುಕವಲಾದ ಒಂದು ಬಗೆಯ ಕೋಶವನ್ನು ಗುರುತಿಸಿ, ಅದನ್ನು ನರಕೋಶವೆಂದು ಭಾವಿಸಿದ್ದನು. ಅದು ದೇಹವನ್ನು ರೋಗಾಣುಗಳಿಂದ ಕಾಯುವ ಪಹರೆಯ ಕೋಶವೆಂಬುದು ಸ್ಪಷ್ಟವಾಗಲು ನೂರು ವರ್ಷಗಳಿಗಿಂತ ಹೆಚ್ಚು ಬೇಕಾಯಿತು.

ಲ್ಯಾಂಗರ್‌ಹಾನ್ಸನಿಗೆ ಕ್ಷಯರೋಗ ಅಂಟಿತು. ಹವೆ ಬದಲಾವಣೆಗೆಂದು ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪಕ್ಕೆ ಹೋಗಿ ಅಲ್ಲಿಯೇ ವೈದ್ಯನಾಗಿ ನೆಲೆಸಿದನು. ಬಿಡುವಿನಲ್ಲಿ ಕಡಲಿನ ಹುಳುಗಳನ್ನು ಅಭ್ಯಸಿಸುತ್ತ, ಒಂದು ಹುಳುವಿನ ಕುಲಕ್ಕೆ ತನ್ನ ಗುರು ವಿರ್ಕೋನ ಹೆಸರನ್ನೇ ಇಟ್ಟನಂತೆ. ಗುರುಭಕ್ತಿಗೆ ಇದೂ ಒಂದು ಬಗೆ! 1888ರಲ್ಲಿ, 41 ತುಂಬುವುದಕ್ಕೆ ಐದು ದಿನ ಮೊದಲು, ಆತ ತೀರಿಕೊಂಡನು. ಮರುವರ್ಷವೇ, ಅಂದರೆ 1889ರಲ್ಲಿ, ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ಎಂಬಿಬ್ಬರು ನಾಯಿಯೊಂದರ ಮೇದೋಜೀರಕವನ್ನು ಪೂರ್ತಿಯಾಗಿ ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂದಿತು. 1893ರಲ್ಲಿ ಫ್ರಾನ್ಸಿನ ಲಾಗೆಸ್ ಎಂಬಾತ, ಆ ವಿದ್ಯಾರ್ಥಿ ಕಂಡಿದ್ದ ಕೋಶಗಳ ಗುಂಪುಗಳಿಗೆ "ಲ್ಯಾಂಗರ್‌ಹಾನ್ಸ್ ದ್ವೀಪಗಳು" ಎಂದು ನಾಮಕರಣ ಮಾಡಿ, ರಕ್ತಕ್ಕೆ ನೇರವಾಗಿ ಸೇರುವ ಯಾವುದೋ ದ್ರವ್ಯ ಅಲ್ಲಿ ಹುಟ್ಟುತ್ತಿರಬೇಕೆಂದು ಸೂಚಿಸಿದನು. ಕಂಡವನಿಗೆ ತಾನು ಕಂಡದ್ದು ಏನೆಂದು ಕೊನೆಗೂ ತಿಳಿಯಲಿಲ್ಲ.

ಆ ದ್ರವ್ಯವೇ ಇನ್ಸುಲಿನ್. ನಾವು ಉಂಡ ಅನ್ನ, ಚಪಾತಿಗಳು ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಆ ಸಕ್ಕರೆಯು ರಕ್ತದಿಂದ ಸ್ನಾಯುಗಳ ಒಳಹೋಗಬೇಕಾದರೆ ಇನ್ಸುಲಿನ್ ಎಂಬ ಬೀಗದಕೈ ಬೇಕು. ಕೈ ಇಲ್ಲದಿದ್ದರೆ ಸಕ್ಕರೆ ರಕ್ತದಲ್ಲಿಯೇ ಉಳಿದು ಮೂತ್ರದಲ್ಲಿ ಸೋರಿಹೋಗುತ್ತದೆ. ದೇಹ ಉಂಡೂ ಉಪವಾಸವಿರುತ್ತದೆ. ಇನ್ಸುಲಿನ್ ದೊರೆಯುವ ಮೊದಲು, ಎಳೆಯ ವಯಸ್ಸಿನಲ್ಲಿ ಮಧುಮೇಹ ಬಂದ ಮಕ್ಕಳಿಗೆ ಇದ್ದ ಏಕೈಕ ಚಿಕಿತ್ಸೆ ಅರೆಹೊಟ್ಟೆಯ ಪಥ್ಯ. ಸಾವನ್ನು ಕೆಲವು ತಿಂಗಳು ಮುಂದೂಡಲು ಮಗುವನ್ನು ಹಸಿವಿನಲ್ಲಿ ಇಡಬೇಕಾಗಿತ್ತು.

ಈಗ ಕೆನಡಾ ದೇಶದ ಟೊರಾಂಟೋ ವಿಶ್ವವಿದ್ಯಾಲಯಕ್ಕೆ ಬರೋಣ. ಕಾಲ 1921ರ ಮೇ ತಿಂಗಳು. ಫ್ರೆಡರಿಕ್ ಬ್ಯಾಂಟಿಂಗ್ ಎಂಬ 29 ವರ್ಷದ ಶಸ್ತ್ರವೈದ್ಯನಿಗೆ ಒಂದು ವಿಚಾರ ಹೊಳೆದಿತ್ತು: ಮೇದೋಜೀರಕದ ನಾಳವನ್ನು ಕಟ್ಟಿಬಿಟ್ಟರೆ ಜೀರ್ಣರಸದ ಕೋಶಗಳು ಬಾಡಿಹೋಗಿ ದ್ವೀಪಗಳು ಉಳಿಯುತ್ತವೆ, ಆಗ ಅವುಗಳ ಸಾರವನ್ನು ತೆಗೆಯಬಹುದು. ಪ್ರಾಧ್ಯಾಪಕ ಮ್ಯಾಕ್ಲಿಯಡ್‌ನಿಗೆ ಈ ಮಾತಿನಲ್ಲಿ ಪೂರ್ಣ ವಿಶ್ವಾಸವಿರಲಿಲ್ಲ. ಆದರೂ ಒಂದು ಪ್ರಯೋಗಶಾಲೆ, ಹತ್ತು ನಾಯಿಗಳು, ಒಬ್ಬ ವಿದ್ಯಾರ್ಥಿ ಸಹಾಯಕ, ಇಷ್ಟನ್ನು ಕೊಟ್ಟು ತಾನು ಬೇಸಿಗೆಗೆ ಸ್ಕಾಟ್ಲೆಂಡಿಗೆ ಹೊರಟನು. ವಿದ್ಯಾರ್ಥಿಗಳು ಇಬ್ಬರಿದ್ದರು, ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಮೊದಲ ತಿಂಗಳು ಯಾರು ದುಡಿಯಬೇಕೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಬೆಸ್ಟ್‌ನ ಪಾಲಿಗೆ ಅದು ಬಂದಿತು. ಆಮೇಲೆ ನೋಬಲ್ ತನ್ನ ಸರದಿಯನ್ನೂ ಅವನಿಗೇ ಬಿಟ್ಟುಕೊಟ್ಟನು.

ಬೆಸ್ಟ್‌ಗೆ ಆಗ 22 ವರ್ಷ. ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದಲ್ಲಿ ಆಗತಾನೆ ಬಿ.ಎ. ಮುಗಿಸಿದ್ದನು, ವೈದ್ಯಪದವಿ ದೊರೆತದ್ದು ನಾಲ್ಕು ವರ್ಷಗಳ ಅನಂತರ, 1925ರಲ್ಲಿ. ಬ್ಯಾಂಟಿಂಗ್‌ಗೆ ಕೊಯ್ಯುವ ಕೈ ಇತ್ತು, ಆದರೆ ರಕ್ತದಲ್ಲಿನ ಸಕ್ಕರೆಯನ್ನು ಅಳೆಯುವ ರಾಸಾಯನಿಕ ವಿಧಾನ ತಿಳಿದಿದ್ದದ್ದು ಈ ಹುಡುಗನಿಗೆ. ಬೇಸಿಗೆಯ ಸೆಕೆಯಲ್ಲಿ, ಕಟ್ಟಡದ ಮೇಲಂತಸ್ತಿನಲ್ಲಿ, ನಾಯಿಗಳ ವಾಸನೆಯ ನಡುವೆ ಇಬ್ಬರೂ ದುಡಿದರು. ಜುಲೈ ಕೊನೆಯ ಹೊತ್ತಿಗೆ ಮಧುಮೇಹದ ನಾಯಿಯೊಂದಕ್ಕೆ ಸಾರವನ್ನು ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯಿತು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು. ಅವನ ತೂಕ ಸುಮಾರು 30 ಕಿಲೋ. ಸಾರ ಶುದ್ಧವಾಗಿರಲಿಲ್ಲವಾಗಿ ಚುಚ್ಚಿದ ಜಾಗದಲ್ಲಿ ಕೀವಾಯಿತು, ಗುಣವೂ ಅಷ್ಟಾಗಿ ಕಾಣಲಿಲ್ಲ. ಜೀವರಸಾಯನ ತಜ್ಞ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಜನವರಿ 23ರಿಂದ ಕೊಡಲಾರಂಭಿಸಿದಾಗ ಹುಡುಗ ಚೇತರಿಸಿಕೊಂಡನು; ಮುಂದೆ ಹದಿಮೂರು ವರ್ಷ ಬದುಕಿದನು.

1923ರ ನೊಬೆಲ್ ಬಹುಮಾನವು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಇಬ್ಬರಿಗೆ ಬಂದಿತು, ಬೆಸ್ಟ್‌ಗೆ ಬರಲಿಲ್ಲ. ಬ್ಯಾಂಟಿಂಗ್ ಸಿಟ್ಟಾಗಿ ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಹಂಚಿದನು. ಮ್ಯಾಕ್ಲಿಯಡ್ ತನ್ನದರಲ್ಲಿ ಅರ್ಧವನ್ನು ಕಾಲಿಪ್‌ಗೆ ಕೊಟ್ಟನು. ಬ್ಯಾಂಕಿನವನಾದ ನನಗೆ ಇದಕ್ಕಿಂತ ಹೆಚ್ಚು ಆಶ್ಚರ್ಯವೆನಿಸುವುದು ಇನ್ನೊಂದು ವ್ಯವಹಾರ. ಇನ್ಸುಲಿನ್ನಿನ ಪೇಟೆಂಟು ಹಕ್ಕನ್ನು ಹಕ್ಕುದಾರರು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಇಂದು ಇನ್ಸುಲಿನ್ ಮಾರಾಟ ಮಾಡುವ ಕಂಪೆನಿಗಳ ಷೇರಿನ ಬೆಲೆಯನ್ನು ನೋಡುವಾಗ ಆ ಒಂದು ಡಾಲರು ನೆನಪಾಗದೆ ಇರದು.

ಬೆಸ್ಟ್‌ನ ಹೆಸರು ಮತ್ತೊಂದು ಔಷಧದೊಡನೆಯೂ ಸೇರಿಕೊಂಡಿದೆ. ಅದನ್ನು ಮೊದಲು ಕಂಡವನೂ ಒಬ್ಬ ವಿದ್ಯಾರ್ಥಿಯೇ. ಹೃದಯದ ಶಸ್ತ್ರಚಿಕಿತ್ಸೆ, ಮೂತ್ರಪಿಂಡದ ಡಯಾಲಿಸಿಸ್ ಮೊದಲಾದ ಸಂದರ್ಭಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಹೆಪಾರಿನ್ ಎಂಬ ಮದ್ದನ್ನು ಕೊಡುತ್ತಾರೆ. ಕೋವಿಡ್ ಕಾಲದಲ್ಲಿ ಆಸ್ಪತ್ರೆ ಸೇರಿದ ಅನೇಕರಿಗೆ ಹೊಟ್ಟೆಯ ಚರ್ಮದ ಕೆಳಗೆ ಕೊಟ್ಟ ಚುಚ್ಚುಮದ್ದು ಈ ಕುಟುಂಬದ್ದೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮ್ಯಾಕ್ಲೀನ್ ಎಂಬಾತ 1916ರಲ್ಲಿ ಎರಡನೆಯ ವರ್ಷದ ವೈದ್ಯವಿದ್ಯಾರ್ಥಿಯಾಗಿದ್ದನು. ಗಣಿ, ತೈಲಬಾವಿಗಳಲ್ಲಿ ಕೂಲಿ ಮಾಡಿ ಓದಿಗೆ ಹಣ ಕೂಡಿಸಿದವನು. ಆತನ ಪ್ರಾಧ್ಯಾಪಕ ವಿಲಿಯಂ ಹೊವೆಲ್ ಅವನಿಗೆ ಕೊಟ್ಟ ಕೆಲಸ, ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯವನ್ನು ಶುದ್ಧಗೊಳಿಸುವುದು. ಮ್ಯಾಕ್ಲೀನ್ ಯಕೃತ್ತಿನಿಂದ ತೆಗೆದ ಒಂದು ದ್ರವ್ಯವನ್ನು ಕೆಲವು ಕಾಲ ಇಟ್ಟು ಮತ್ತೆ ಪರೀಕ್ಷಿಸಿದಾಗ ಅದರ ಗುಣ ತಲೆಕೆಳಗಾಗಿತ್ತು: ಹೆಪ್ಪುಗಟ್ಟಿಸುವುದರ ಬದಲು ಅದು ಹೆಪ್ಪುಗಟ್ಟುವಿಕೆಯನ್ನು ತಡೆಯುತ್ತಿತ್ತು. ಗುರು ನಂಬಲಿಲ್ಲ. ಆಗ ಶಿಷ್ಯ ಬೆಕ್ಕಿನ ರಕ್ತವಿದ್ದ ಬಟ್ಟಲಿಗೆ ಆ ದ್ರವ್ಯವನ್ನು ಬೆರೆಸಿ ಗುರುವಿನ ಮೇಜಿನ ಮೇಲಿಟ್ಟು, ಇದು ಹೆಪ್ಪುಗಟ್ಟಿದಾಗ ತಿಳಿಸಿರಿ ಎಂದು ಹೇಳಿ ಹೋದನಂತೆ. ರಕ್ತ ಹೆಪ್ಪುಗಟ್ಟಲೇ ಇಲ್ಲ.

ಹೊಸದನ್ನು ಹುಡುಕಲು ಹೊರಟವನಲ್ಲ ಮ್ಯಾಕ್ಲೀನ್. ಹೇಳಿದ ಕೆಲಸವನ್ನು ಮಾಡುತ್ತಿದ್ದವನು. ಆದರೆ ಬಂದ ಫಲಿತಾಂಶ ಬೇಕಾದಂತಿಲ್ಲವೆಂದು ಅದನ್ನು ಬಚ್ಚಲಿಗೆ ಸುರಿಯಲಿಲ್ಲ. 1918ರಲ್ಲಿ ಹೊವೆಲ್, ಹೋಲ್ಟ್ ಎಂಬ ಇನ್ನೊಬ್ಬ ವಿದ್ಯಾರ್ಥಿಯೊಡನೆ ಈ ಕೆಲಸವನ್ನು ಮುಂದುವರಿಸಿ, ಯಕೃತ್ತು ಎಂಬರ್ಥದ ಗ್ರೀಕ್ ಪದದಿಂದ "ಹೆಪಾರಿನ್" ಎಂಬ ಹೆಸರನ್ನು ಸೃಷ್ಟಿಸಿದನು. ಇಂದಿನ ಹೆಪಾರಿನ್ ಮ್ಯಾಕ್ಲೀನ್ ಕಂಡ ದ್ರವ್ಯವೇ ಅಲ್ಲ, ಆದ್ದರಿಂದ ಕೀರ್ತಿ ಯಾರದೆಂಬ ವಾದ ಬಹುಕಾಲ ನಡೆಯಿತು. 1930ರ ದಶಕದಲ್ಲಿ ಅದನ್ನು ಶುದ್ಧಗೊಳಿಸಿ ರೋಗಿಗೆ ಕೊಡುವಂತೆ ಮಾಡಿದ ಟೊರಾಂಟೋ ತಂಡದ ಮುಖ್ಯಸ್ಥನು ಮೇಲೆ ಹೇಳಿದ ಚಾರ್ಲ್ಸ್ ಬೆಸ್ಟ್.

ಸ್ವೀಡನ್ನಿನ ಉಪ್ಸಾಲಾದಲ್ಲಿ ಐವಾರ್ ಸ್ಯಾಂಡ್‌ಸ್ಟ್ರಾಮ್ ಎಂಬ ವಿದ್ಯಾರ್ಥಿ 1877ರಲ್ಲಿ ನಾಯಿಯ ಕೊರಳಿನ ಥೈರಾಯ್ಡ್ ಗ್ರಂಥಿಯ ಬಳಿ ಒಂದು ಪುಟ್ಟ ಗ್ರಂಥಿಯನ್ನು ಗುರುತಿಸಿ, ಬಳಿಕ ಐವತ್ತು ಮನುಷ್ಯ ಶವಗಳಲ್ಲಿ ಹುಡುಕಿ ನೋಡಿ 1880ರಲ್ಲಿ ಪ್ರಕಟಿಸಿದನು. ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿ ಅದು. ಅವನ ಬರಹವನ್ನು ಅಂದು ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಖಡ್ಗಮೃಗವೊಂದರಲ್ಲಿ ರಿಚರ್ಡ್ ಓವೆನ್ ಎಂಬ ವಿಜ್ಞಾನಿ ಇದನ್ನು ಮೊದಲೇ ಕಂಡಿದ್ದನು, ಆದರೆ ಮನುಷ್ಯನಲ್ಲಿ ಉಂಟೆಂದು ತೋರಿಸಿದವನು ಈ ವಿದ್ಯಾರ್ಥಿ.

ಎಲ್ಲ ಕಥೆಗಳೂ ಅನುಕರಣೀಯವಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಬೆಟ್ಟದ ರೈಲುಹಾದಿಯನ್ನು ಹಾಕುವ ಕಾಲದಲ್ಲಿ ಒಂದು ಘೋರ ಜ್ವರ ಸಾವಿರಾರು ಕೂಲಿಗಳನ್ನು ಬಲಿ ತೆಗೆದುಕೊಂಡಿತ್ತು. ಅದೇ ಸೀಮೆಯಲ್ಲಿ ಮೈಮೇಲೆ ಕೆಂಪು ಗಂಟುಗಳೇಳುವ ಇನ್ನೊಂದು ಬೇನೆಯೂ ಇತ್ತು. ಎರಡೂ ಒಂದೆಯೇ, ಬೇರೆಯೇ? ಲೀಮಾ ನಗರದ ವೈದ್ಯವಿದ್ಯಾರ್ಥಿ ಡೇನಿಯಲ್ ಕಾರಿಯಾನ್, ಗುರುಗಳೂ ಗೆಳೆಯರೂ ಬೇಡವೆಂದರೂ ಕೇಳದೆ, 1885ರ ಆಗಸ್ಟ್ 27ರಂದು ರೋಗಿಯೊಬ್ಬರ ಗಂಟಿನ ರಸವನ್ನು ತನ್ನ ತೋಳಿಗೆ ಚುಚ್ಚಿಸಿಕೊಂಡನು. ಮೂರು ವಾರಗಳಲ್ಲಿ ಆ ಜ್ವರವೇ ಬಂದಿತು. ಅಕ್ಟೋಬರ್ 5ರಂದು ಸತ್ತನು. ಎರಡೂ ಒಂದೇ ರೋಗವೆಂದು ಹೀಗೆ ಸಿದ್ಧವಾಯಿತು. ಆ ರೋಗಕ್ಕೆ ಈಗ ಅವನದೇ ಹೆಸರು, ಆ ದಿನ ಪೆರುವಿನಲ್ಲಿ ವೈದ್ಯಕೀಯ ದಿನಾಚರಣೆ. ಇಂದಿನ ನೈತಿಕ ಸಮಿತಿಗಳು ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡುವುದಿಲ್ಲ. ಕೊಡದಿರುವುದೇ ಸರಿ.

ಇವೆಲ್ಲ ಹೊರದೇಶಗಳ ಮಾತು, ನಮ್ಮ ಸರಕಾರಿ ಕಾಲೇಜುಗಳಲ್ಲಿ ಇದೆಲ್ಲ ಎಲ್ಲಿ ಸಾಧ್ಯ ಎಂದು ವಾಚಕರು ಕೇಳಬಹುದು. ಅವರಿಗಾಗಿ ಮದರಾಸಿನ ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. 1835ರಲ್ಲಿ ಆರಂಭವಾದ ಮದರಾಸು ಮೆಡಿಕಲ್ ಕಾಲೇಜು ಕನ್ನಡಿಗರಿಗೂ ಅಪರಿಚಿತವಲ್ಲ. 1953ರಲ್ಲಿ ಮಣಿಪಾಲದಲ್ಲಿ ದೇಶದ ಮೊದಲ ಖಾಸಗಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಡಾ. ಟಿ.ಎಂ.ಎ. ಪೈ ಅವರು ಅಲ್ಲಿಯೇ ಓದಿದವರು. ದಿನಕ್ಕೆರಡಾಣೆಯ ಪಿಗ್ಮಿ ಠೇವಣಿಯನ್ನು ಜನಸಾಮಾನ್ಯರಿಗೆ ತಂದುಕೊಟ್ಟ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರೂ ಅವರೇ ಆದ್ದರಿಂದ, ನಮ್ಮ ವೃತ್ತಿಯವರಿಗೂ ಅವರು ಹಿರಿಯರು.

1985ರ ಕೊನೆಯ ಭಾಗ. ಏಡ್ಸ್ ಎಂಬ ಹೊಸ ರೋಗದ ವರದಿ ಅಮೆರಿಕದಿಂದ 1981ರಲ್ಲಿ ಬಂದಿತ್ತು. ಕಾರಣವಾದ ವೈರಸ್ 1983ರಲ್ಲಿ ಪತ್ತೆಯಾಗಿತ್ತು. ಇದು ಪಾಶ್ಚಾತ್ಯರ ರೋಗ, ನಮ್ಮ ಸಂಸ್ಕೃತಿಯಲ್ಲಿ ಇದಕ್ಕೆ ಎಡೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿತ್ತು. ನಮ್ಮ ಮುಂಬಯಿಯ ಕಡೆಯಿಂದ ಪುಣೆಗೆ ಹೋದ ರಕ್ತದ ಮಾದರಿಗಳಲ್ಲಿಯೂ ಅದು ಕಂಡುಬಂದಿರಲಿಲ್ಲ. ಮದರಾಸು ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದ 32 ವರ್ಷದ ಸೆಲ್ಲಪ್ಪನ್ ನಿರ್ಮಲಾ ಅವರು ಪ್ರಬಂಧಕ್ಕೆ ವಿಷಯವನ್ನು ಹುಡುಕುತ್ತಿದ್ದರು. ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ಅವರು, ಮದರಾಸಿನಲ್ಲಿ ಏಡ್ಸ್ ಇದೆಯೇ ಎಂಬುದನ್ನೇ ಏಕೆ ಪರೀಕ್ಷಿಸಬಾರದೆಂದು ಕೇಳಿದರು. ನಿರ್ಮಲಾ ಮೊದಲು ಹಿಂಜರಿದರು. ಹಳ್ಳಿಯ ಸಂಪ್ರದಾಯಸ್ಥ ಮನೆತನದಿಂದ ಬಂದವರು, ಇಬ್ಬರು ಚಿಕ್ಕ ಮಕ್ಕಳ ತಾಯಿ. ಪತಿ ಬೆಂಬಲಿಸಿದ ಮೇಲೆ ಒಪ್ಪಿದರು.

ಮುಂಬಯಿಯಂತೆ ಮದರಾಸಿನಲ್ಲಿ ವೇಶ್ಯಾವಾಟಿಕೆಯೆಂದು ಗುರುತಿಸುವ ಪ್ರತ್ಯೇಕ ಬೀದಿ ಇರಲಿಲ್ಲ. ಬಂಧಿತರಾದ ಸ್ತ್ರೀಯರನ್ನು ಇರಿಸುವ ಸರಕಾರಿ ಗೃಹವೊಂದಕ್ಕೆ ನಿರ್ಮಲಾ ಹೋಗತೊಡಗಿದರು. ಪತಿ ಸ್ಕೂಟರಿನಲ್ಲಿ ಕರೆದೊಯ್ದು ಬಿಡುತ್ತಿದ್ದರು. ಕೈಗೆ ಗವಸಿಲ್ಲ, ವಿಶೇಷ ಉಪಕರಣಗಳಿಲ್ಲ. ಸುಮಾರು ಮೂರು ತಿಂಗಳಲ್ಲಿ 80ಕ್ಕೂ ಹೆಚ್ಚು ಮಾದರಿಗಳು ಕೂಡಿದವು. ರಕ್ತದಿಂದ ಸೀರಮ್ ಬೇರ್ಪಡಿಸಲು ಸಾಲೊಮನ್ ಅವರು ಹೇಗೋ ಒಂದು ಪುಟ್ಟ ಪ್ರಯೋಗಾಲಯವನ್ನು ಹೊಂದಿಸಿಕೊಟ್ಟರು. ಅದನ್ನು ಇರಿಸಲು ಬೇರೆ ಶೀತಲಗೃಹ ದೊರೆಯದೆ ನಿರ್ಮಲಾ ತಮ್ಮ ಮನೆಯ ಫ್ರಿಜ್ಜಿನಲ್ಲೇ ಇಟ್ಟರು. ಹಾಲು, ಮೊಸರುಗಳ ಪಕ್ಕದಲ್ಲಿ ಅದನ್ನಿಟ್ಟ ಗೃಹಿಣಿಯ ಧೈರ್ಯವನ್ನು ನಮ್ಮ ಓದುಗಿಯರು ಊಹಿಸಿಕೊಳ್ಳಬಲ್ಲರು.

ಪರೀಕ್ಷೆಯ ಸೌಕರ್ಯ ಮದರಾಸಿನಲ್ಲಿರಲಿಲ್ಲ. 1986ರ ಫೆಬ್ರವರಿಯಲ್ಲಿ ದಂಪತಿಗಳು ಮಾದರಿಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು ರಾತ್ರಿಯ ರೈಲಿನಲ್ಲಿ ಹೊರಟು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನು ತಲುಪಿದರು. ಅಲ್ಲಿ ನಡೆದದ್ದು ಎಲೈಸಾ ಎಂಬ ಪರೀಕ್ಷೆ. ವೈರಸ್ ಹೊಕ್ಕ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಸೀರಮಿನಲ್ಲಿ ಅವು ಇದ್ದರೆ ತಟ್ಟೆಯ ಪುಟ್ಟ ಕುಳಿಯಲ್ಲಿ ಹಾಕಿದ ದ್ರವಕ್ಕೆ ಬಣ್ಣ ಬರುತ್ತದೆ. ಆರು ಕುಳಿಗಳು ಹಳದಿಯಾದವು. ಪರೀಕ್ಷಿಸಿದವರೂ ನಂಬಲಿಲ್ಲ. ಮತ್ತೆ ರಕ್ತ ತಂದು ಮರುಪರೀಕ್ಷೆ ಮಾಡಲಾಯಿತು, ಮಾದರಿಗಳು ಅಮೆರಿಕಕ್ಕೂ ಹೋದವು. ಸಂಶಯಕ್ಕೆಡೆಯಿರಲಿಲ್ಲ. ಮೇ ತಿಂಗಳಲ್ಲಿ ತಮಿಳುನಾಡಿನ ವಿಧಾನಸಭೆಯಲ್ಲಿ ಆರೋಗ್ಯಮಂತ್ರಿಗಳು ವಿಷಯವನ್ನು ಪ್ರಕಟಿಸಿದರು.

ಒಬ್ಬ ವಿದ್ಯಾರ್ಥಿನಿಯ ಪ್ರಬಂಧದಿಂದ ದೇಶದ ಕಣ್ಣು ತೆರೆಯಿತು. ಅದೇ ವರ್ಷ ರಾಷ್ಟ್ರೀಯ ಏಡ್ಸ್ ಸಮಿತಿ ರಚನೆಯಾಯಿತು, 1992ರಲ್ಲಿ ರಾಷ್ಟ್ರೀಯ ನಿಯಂತ್ರಣ ಸಂಸ್ಥೆ. ನಮ್ಮವರಾರಿಗಾದರೂ ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾದಾಗ, ಬಾಟಲಿಯ ಮೇಲೆ ಪರೀಕ್ಷಿಸಲಾಗಿದೆ ಎಂಬ ಚೀಟಿ ಇರುವುದರ ಹಿಂದೆ ಈ ಎಚ್ಚರವಿದೆ. 2023ರ ಅಂದಾಜಿನಂತೆ ದೇಶದಲ್ಲಿ ಈ ಸೋಂಕಿರುವವರು ಸುಮಾರು 25 ಲಕ್ಷ. 2004ರ ಏಪ್ರಿಲ್‌ನಿಂದ ಸರಕಾರಿ ಕೇಂದ್ರಗಳಲ್ಲಿ ಔಷಧ ಉಚಿತ. ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡವರು ಇತರರಂತೆಯೇ ದುಡಿದು ಬಾಳಬಲ್ಲರು. ಸಾಲೊಮನ್ ಅವರು ಮುಂದೆ ಇಡೀ ಜೀವನವನ್ನು ಈ ರೋಗಿಗಳ ಸೇವೆಗೆ ಮುಡಿಪಾಗಿಟ್ಟು 2015ರಲ್ಲಿ ತೀರಿಕೊಂಡರು. ನಿರ್ಮಲಾ ಅವರು 1987ರಲ್ಲಿ ಪ್ರಬಂಧ ಸಲ್ಲಿಸಿ, ಪರೀಕ್ಷೆ ಮುಗಿಸಿ, ಚೆನ್ನೈನ ಕಿಂಗ್ ಇನ್ಸ್ಟಿಟ್ಯೂಟಿನಲ್ಲಿ ನೌಕರಿಗೆ ಸೇರಿ 2010ರಲ್ಲಿ ನಿವೃತ್ತರಾದರು. ಅವರ ಹೆಸರನ್ನು ಬಹುಕಾಲ ಯಾರೂ ಎತ್ತಲಿಲ್ಲ.

ಈ ವಿದ್ಯಾರ್ಥಿಗಳಿಗೆ ದೊರೆತಿದ್ದ ಬಂಡವಾಳವನ್ನು ಲೆಕ್ಕಕ್ಕೆ ಹಾಕಿದರೆ ಅದು ಬಲು ಚಿಕ್ಕದು. ಒಂದು ಸೂಕ್ಷ್ಮದರ್ಶಕ ಮತ್ತು ಮೊಲ, ಹತ್ತು ನಾಯಿ ಮತ್ತು ಒಂದು ಬೇಸಿಗೆ, ಒಂದು ಬಟ್ಟಲು ರಕ್ತ, ಮನೆಯ ಫ್ರಿಜ್ಜು. ಅದರೊಡನೆ ಒಳ್ಳೆಯ ಪ್ರಶ್ನೆಯೊಂದನ್ನು ಕೊಟ್ಟ, ಅಥವಾ ಅಪನಂಬಿಕೆಯಿದ್ದರೂ ಅಡ್ಡಬಾರದ ಗುರು. ನಮ್ಮಲ್ಲಿ ಎಂ.ಡಿ., ಎಂ.ಎಸ್. ಪದವಿಗೆ ಪ್ರಬಂಧ ಇಂದಿಗೂ ಕಡ್ಡಾಯ. ಆದರೆ ಹಿಂದಿನ ವರ್ಷದವರ ಪ್ರಬಂಧದ ಅಂಕಿಗಳನ್ನು ಬದಲಿಸಿ ಬರೆಯುವುದು, ಹಣ ತೆತ್ತು ಬರೆಯಿಸುವುದು ಉಂಟೆಂಬುದು ವೈದ್ಯರೇ ಒಪ್ಪುವ ಸಂಗತಿ. ಲೆಕ್ಕಪುಸ್ತಕದಲ್ಲಿ ಸುಳ್ಳು ಅಂಕಿ ಬರೆದ ಗುಮಾಸ್ತನನ್ನು ನಾವು ಕೆಲಸದಿಂದ ತೆಗೆಯುತ್ತೇವೆ. ರೋಗಿಗಳ ಅಂಕಿಯನ್ನು ಸೃಷ್ಟಿಸುವವನಿಗೆ ಪದವಿ ಸಿಗುತ್ತದೆ. ಇದು ನನಗೆ ಅರ್ಥವಾಗದ ಲೆಕ್ಕ.

ಎಂ.ಬಿ.ಬಿ.ಎಸ್. ಓದುವ ಮಕ್ಕಳಿಗೂ ಒಂದು ದಾರಿಯಿದೆಯೆಂಬುದು ನಮ್ಮ ಅನೇಕ ಪಾಲಕರಿಗೆ ತಿಳಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅರ್ಥಾತ್ ಐ.ಸಿ.ಎಂ.ಆರ್., 1979ರಲ್ಲಿ ವೈದ್ಯವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ಸಂಶೋಧನಾ ವೇತನವನ್ನು ಆರಂಭಿಸಿತು. ಎಸ್.ಟಿ.ಎಸ್. ಎಂದು ಕಾಲೇಜುಗಳಲ್ಲಿ ಅದನ್ನು ಕರೆಯುತ್ತಾರೆ. ವಿದ್ಯಾರ್ಥಿಯು ತನ್ನ ಕಾಲೇಜಿನ ಅಧ್ಯಾಪಕರೊಬ್ಬರನ್ನು ಮಾರ್ಗದರ್ಶಕರನ್ನಾಗಿ ಒಪ್ಪಿಸಿಕೊಂಡು, ಎರಡು ತಿಂಗಳಲ್ಲಿ ಮುಗಿಯಬಹುದಾದ ಒಂದು ಚಿಕ್ಕ ಪ್ರಶ್ನೆಯನ್ನು ಆರಿಸಿಕೊಂಡು ಅರ್ಜಿ ಹಾಕಬೇಕು. ಪ್ರಶ್ನೆ ದೊಡ್ಡದಾಗಬೇಕಿಲ್ಲ; ತಮ್ಮ ಆಸ್ಪತ್ರೆಯ ಹೊರರೋಗಿಗಳಲ್ಲಿ ಎಷ್ಟು ಮಂದಿ ಇನ್ಸುಲಿನ್ನನ್ನು ಸರಿಯಾಗಿ ಚುಚ್ಚಿಕೊಳ್ಳುತ್ತಾರೆ ಎಂಬಂಥದೂ ಆದೀತು. ರೋಗಿಗಳನ್ನು ಒಳಗೊಂಡ ಕೆಲಸವಾದರೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುವುದರಿಂದ ಮೊದಲ ವರ್ಷ ಮುಗಿಯುತ್ತಲೇ ಅಧ್ಯಾಪಕರೊಡನೆ ಮಾತನಾಡಿರುವುದು ಒಳ್ಳೆಯದು. ವೇತನದ ಮೊತ್ತ ದೊಡ್ಡದಲ್ಲ. ಅದೂ ಮುಂಗಡವಾಗಿ ಬರುವುದಿಲ್ಲ, ಕೆಲಸ ಮುಗಿಸಿ ಬರೆದ ವರದಿಯನ್ನು ಪರಿಷತ್ತು ಒಪ್ಪಿದ ಬಳಿಕವೇ ಕೈಗೆ ಸೇರುತ್ತದೆ.